ರೂಟರ್‌ನಲ್ಲೇ ಫೈರ್‌ವಾಲ್ ಇದೆಯಲ್ಲ ಅನ್ನುತ್ತಿದ್ದವನು ನಾನೇ

ಇಪ್ಪತ್ತು ಮಂದಿಯ ಆಫೀಸು, ನೆಟ್‌ವರ್ಕ್ ನೋಡಿಕೊಳ್ಳುವವನು ನಾನೊಬ್ಬನೇ. ನೆಟ್‌ವರ್ಕಿನ ಒಳಗೆ ಬರುವುದನ್ನೂ ಹೊರಗೆ ಹೋಗುವುದನ್ನೂ ಕಾಯುವ ಪ್ರತ್ಯೇಕ ಫೈರ್‌ವಾಲ್ ಬೇಕಾ ಎಂದು ಮೇಲಿನವರು ಕೇಳಿದಾಗಲೆಲ್ಲ "ರೂಟರ್‌ನಲ್ಲೇ ಇದೆಯಲ್ಲ ಸರ್" ಎನ್ನುತ್ತಿದ್ದೆ. ಸುಳ್ಳೇನಲ್ಲ. ಒಳಗಿನವರು ಕೇಳದೆ ಹೊರಗಿನಿಂದ ಬರುವ ಸಂಪರ್ಕವನ್ನು ರೂಟರ್ ಬಾಗಿಲಲ್ಲೇ ತಡೆಯುತ್ತದೆ.

ಆ ಬಾಗಿಲಿಗೆ ಕಿಂಡಿ ಕೊರೆದವನೂ ನಾನೇ. ಲೆಕ್ಕಪತ್ರ ನೋಡುವವರು ಮನೆಯಿಂದ ಕೆಲಸ ಮಾಡಬೇಕೆಂದಾಗ ದೂರದಿಂದ ಕಂಪ್ಯೂಟರ್ ಬಳಸುವ ರಿಮೋಟ್ ಡೆಸ್ಕ್‌ಟಾಪ್‌ನ 3389ನೇ ಪೋರ್ಟನ್ನು (ಪೋರ್ಟ್ ಎಂದರೆ ಒಂದೊಂದು ಸೇವೆಗಿರುವ ಸಂಖ್ಯೆಯ ಬಾಗಿಲು) ಅವರ ಕಂಪ್ಯೂಟರಿಗೆ ಫಾರ್ವರ್ಡ್ ಮಾಡಿ, ಅಂದರೆ ಹೊರಗಿನಿಂದ ಅಲ್ಲಿಗೆ ನೇರ ದಾರಿ ಬಿಟ್ಟು, ಮರೆತಿದ್ದೆ. ಒಂದು ದಿನ ಅವರು, "ಪಾಸ್‌ವರ್ಡ್ ಸರಿಯಾಗೇ ಹಾಕಿದ್ದೀನಿ, ಆದ್ರೂ ಅಕೌಂಟ್ ಲಾಕ್ ಅಂತಿದೆ" ಎಂದರು. ವಿಂಡೋಸ್‌ನ ಲಾಗ್ (ದಾಖಲೆ) ತೋರಿಸುವ ಈವೆಂಟ್ ವ್ಯೂವರ್ ತೆರೆದೆ. 4625, ಮತ್ತೆ 4625, ಪುಟಗಟ್ಟಲೆ ಅದೇ. ವಿಫಲ ಲಾಗಿನ್‌ಗೆ ವಿಂಡೋಸ್ ಕೊಡುವ ಸಂಖ್ಯೆ ಅದು. ಕೆಲವೇ ಸೆಕೆಂಡಿಗೊಂದು ಪ್ರಯತ್ನ. ಹೆಸರುಗಳು ಅಡ್ಮಿನ್, ಟೆಸ್ಟ್, ಸ್ಕ್ಯಾನರ್. ಯಾರೋ ಕೀಲಿಗೊಂಚಲು ಹಿಡಿದು ಕೂತು ಒಂದೊಂದೇ ತಿರುಗಿಸಿ ನೋಡುತ್ತಿದ್ದ ಹಾಗೆ.

ಗಾಬರಿಯಲ್ಲಿ ಪೋರ್ಟ್ ಮುಚ್ಚಿ ರೂಟರನ್ನು ರೀಸ್ಟಾರ್ಟ್ ಮಾಡಿದೆ. ಹೊಟ್ಟೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗಿದ್ದು ಆಮೇಲೆ. ಯಾರಾದರೂ ಆಗಲೇ ಒಳಗೆ ಬಂದಿದ್ದರೆ? ಆ ಕಂಪ್ಯೂಟರ್ ಎಲ್ಲಿಗೆ, ಏನನ್ನು ಕಳಿಸಿದೆ? ವಿಂಡೋಸ್ ಲಾಗ್‌ನಲ್ಲಿ ಹಳೆಯದೆಲ್ಲ ಅಳಿಸಿಹೋಗಿತ್ತು. ರೂಟರ್ ಲಾಗ್ ಖಾಲಿ; ರೀಸ್ಟಾರ್ಟ್ ಮಾಡಿ ಅಳಿಸಿದವನು ನಾನೇ.

ಪ್ರತ್ಯೇಕ ಫೈರ್‌ವಾಲ್ ಬೇಕೇ ಬೇಕು ಎಂಬ ನನ್ನ ತೀರ್ಮಾನಕ್ಕೆ ಕಾರಣ ಇದು. ಒಳಬರುವುದನ್ನು ತಡೆಯಲು ನಮ್ಮ ರೂಟರೂ ಸಾಕಿತ್ತು. ಹೊರಹೋಗುವುದನ್ನು ಮಾತ್ರ ಅದು ಕಣ್ಣುಮುಚ್ಚಿ ಬಿಡುತ್ತಿತ್ತು, ಬರೆದೂ ಇಡುತ್ತಿರಲಿಲ್ಲ.

ಎರಡು ನೆಟ್‌ವರ್ಕ್ ಕಾರ್ಡ್ ಇದ್ದ ಹಳೇ ಕಂಪ್ಯೂಟರಿಗೆ ಓಪಿಎನ್‌ಸೆನ್ಸ್ ಎಂಬ ಫೈರ್‌ವಾಲ್ ತಂತ್ರಾಂಶ ಹಾಕಿದೆ. ಇಂಟರ್ನೆಟ್ ಕಂಪನಿಯ ರೂಟರನ್ನು ಸಂಪರ್ಕವನ್ನು ಬರೀ ದಾಟಿಸುವ ಬ್ರಿಡ್ಜ್ ಮೋಡ್‌ಗೆ ತಂದೆ, ಇಲ್ಲದಿದ್ದರೆ ಎರಡೆರಡು ನ್ಯಾಟ್, ಅಂದರೆ ಒಳಗಿನ ವಿಳಾಸವನ್ನು ಹೊರಗಿನದಕ್ಕೆ ಬದಲಿಸುವ ಕೆಲಸ ಎರಡೆರಡು ಸಲ. ಮನೆಯಿಂದ ಕೆಲಸ ಮಾಡುವವರಿಗೆ 3389ರ ಬದಲು ವೈರ್‌ಗಾರ್ಡ್ ವಿಪಿಎನ್, ಅಂದರೆ ಕೀಲಿ ಇದ್ದವರಿಗಷ್ಟೇ ತೆರೆಯುವ ಗುಪ್ತ ಸುರಂಗ. ಒಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ: ಹೊಸದಾಗಿ ಹಾಕಿದ ದಿನ ಓಪಿಎನ್‌ಸೆನ್ಸ್ ಕೂಡ ರೂಟರಿನಷ್ಟೇ ಧಾರಾಳಿ. ಒಳಗಿನಿಂದ ಎಲ್ಲಿಗೆ ಬೇಕಾದರೂ ಹೋಗಲಿ ಎಂಬ ನಿಯಮ ಅದರಲ್ಲಿ ತಯಾರಾಗೇ ಇರುತ್ತದೆ. ಅದನ್ನು ತೆಗೆದು ವೆಬ್, ಮೇಲ್, ಸಮಯ ಹೊಂದಿಸುವ 123ನೇ ಪೋರ್ಟ್ ಹೀಗೆ ಒಂದೊಂದನ್ನೇ ಬಿಟ್ಟೆ. ಮೂರು ದಿನ ಬೈಗುಳ ತಿಂದೆ.

ಸಿಬ್ಬಂದಿ, ಅತಿಥಿ ವೈಫೈ, ಕ್ಯಾಮೆರಾ ಮತ್ತು ಪ್ರಿಂಟರ್ ಎಂದು ಮೂರು ವಿಲ್ಯಾನ್ (ಒಂದೇ ನೆಟ್‌ವರ್ಕಿನೊಳಗಿನ ಬೇರೆ ಬೇರೆ ಪಾಲು) ಮಾಡಿದ ಮರುದಿನ ಯಾರ ಫೋನಿಗೂ ಪ್ರಿಂಟರ್ ಕಾಣಲಿಲ್ಲ. ಪ್ರಿಂಟರ್ ಹುಡುಕುವ ಕೂಗು 5353ನೇ ಪೋರ್ಟಿನಲ್ಲಿ ಮಲ್ಟಿಕಾಸ್ಟ್ ಆಗಿ, ಅಂದರೆ ಒಟ್ಟಿಗೆ ಹಲವರಿಗೆ ಕೇಳುವಂತೆ, ಹೋಗುತ್ತದೆ, ವಿಲ್ಯಾನ್ ಗಡಿ ದಾಟುವುದಿಲ್ಲ. ಆ ಕೂಗನ್ನು ಗಡಿಯಾಚೆಗೆ ಮತ್ತೆ ಕೂಗುವ ಎಂಡಿಎನ್‌ಎಸ್ ರಿಪೀಟರ್ ಹಾಕಿದ ಮೇಲೆ ಸರಿಹೋಯಿತು. ಸಂಚಾರವನ್ನು ತಪಾಸಿಸಿ ದಾಳಿ ಪತ್ತೆಹಚ್ಚಿ ತಡೆಯುವ ಐಪಿಎಸ್ ಎಂಬ ಸೌಲಭ್ಯ ಆನ್ ಮಾಡಿದ್ದೇ ತಡ, ಇಂಟರ್ನೆಟ್ ವೇಗ ಕುಸಿಯಿತು. ಹಳೇ ಪ್ರೊಸೆಸರ್ ತಾಳಲಿಲ್ಲ, ಆಫ್ ಮಾಡಿದೆ. ಹೇಗೂ ಬಹುಪಾಲು ವೆಬ್ ಸಂಚಾರ ಎನ್‌ಕ್ರಿಪ್ಟ್ ಆಗಿರುವುದರಿಂದ ಅದಕ್ಕೆ ಕಾಣುವುದೂ ಕಡಿಮೆ. ಸಿದ್ಧ ಫೈರ್‌ವಾಲ್ ಡಬ್ಬಿ ಕೊಳ್ಳುವವರು ಐಪಿಎಸ್ ಆನ್ ಇದ್ದಾಗಿನ ವೇಗ ಎಷ್ಟೆಂದು ಕೇಳಿ. ಜಾಹೀರಾತಿನ ದೊಡ್ಡ ಅಂಕಿ ಸಾಮಾನ್ಯವಾಗಿ ಅದು ಆಫ್ ಇದ್ದಾಗಿನದು.

ನಾಲ್ಕೇ ಜನರ ಆಫೀಸು ನಡೆಸುವ ಗೆಳೆಯ ತನಗೂ ಬೇಕಾ ಎಂದು ಕೇಳಿದ. ಲಾಗ್ ಓದುವವರು ಯಾರು ಎಂದೆ, ಯಾರೂ ಇಲ್ಲ ಎಂದ. ಹಾಗಾದರೆ ಬೇಡ ಮಾರಾಯ, ಒಳಗಿನ ಸಾಧನಗಳು ತಾವೇ ಪೋರ್ಟ್ ತೆರೆದುಕೊಳ್ಳಲು ಬಿಡುವ ಯುಪಿಎನ್‌ಪಿ ಆಫ್ ಮಾಡು, ಹೊರಗಿನಿಂದ ರೂಟರಿನ ಸೆಟ್ಟಿಂಗ್ಸ್ ತೆರೆಯುವ ಸೌಲಭ್ಯವನ್ನೂ ಆಫ್ ಮಾಡು, ಪೋರ್ಟ್ ಫಾರ್ವರ್ಡ್ ಪಟ್ಟಿ ಖಾಲಿ ಇದೆಯಾ ನೋಡು ಎಂದೆ. ರೂಟರಿನೊಳಗಿನ ತಂತ್ರಾಂಶಕ್ಕೆ (ಫರ್ಮ್‌ವೇರ್) ಅಪ್‌ಡೇಟ್ ಬರುವುದೇ ನಿಂತಿದ್ದರೆ ರೂಟರನ್ನೇ ಬದಲಿಸು ಎಂದೂ ಹೇಳಿದೆ.