ಮುಕ್ಕಾಲು ಸೆಕೆಂಡಿನ ಮುಹೂರ್ತ

ಮಂಡ್ಯದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ಹೊಟ್ಟೆಪಾಡು ಮದುವೆ ಫೋಟೊದಿಂದ. ತಾಳಿ ಕಟ್ಟುವ ಫೋಟೊ ತಪ್ಪಿಸಿದವನನ್ನು ನಮ್ಮ ಕಡೆ ಯಾರೂ ಎರಡನೇ ಸಲ ಕರೆಯುವುದಿಲ್ಲ. ಆದರೆ ಅಲ್ಲಿ ನಮಗೊಂದು ಅನುಕೂಲವಿದೆ. ಪುರೋಹಿತರು ಕೈಯೆತ್ತಿ 'ಗಟ್ಟಿಮೇಳ' ಅಂದ ಕೂಡಲೇ ಬಟನ್ ಒತ್ತಿ ಹಿಡಿದರಾಯಿತು. ಸೂರ್ಯನಿಗೆ ಅಡ್ಡ ಬಾಹ್ಯಾಕಾಶ ನಿಲ್ದಾಣ ಹಾಯುವಾಗ ಗಟ್ಟಿಮೇಳ ಅನ್ನುವವರು ಯಾರೂ ಇರುವುದಿಲ್ಲ. ಮೊದಲ ಸಲ ನಾನು ಕೆಟ್ಟಿದ್ದು ಅಲ್ಲೇ.

ಸಂಜೆ ಹೊತ್ತು ಮಿನುಗದೆ ಸಾಗುವ ದೊಡ್ಡ ನಕ್ಷತ್ರದಂತೆ ಈ ನಿಲ್ದಾಣವನ್ನು ಹಲವರು ನೋಡಿರುತ್ತೀರಿ. ಸುಮಾರು 400 ಕಿಲೋಮೀಟರ್ ಮೇಲೆ, ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಜೋರಾಗಿ ಓಡುತ್ತದೆ. ಒಂದೂವರೆ ಗಂಟೆಗೆ ಭೂಮಿಗೆ ಒಂದು ಸುತ್ತು. ಹಗಲಲ್ಲಿ ಕಣ್ಣಿಗೆ ಬೀಳುವುದಿಲ್ಲ. ಸೂರ್ಯನ ಬಿಲ್ಲೆಗೆ ಸರಿಯಾಗಿ ಅಡ್ಡ ಬಂದರೆ ಮಾತ್ರ ಕಪ್ಪಗೆ ಕಾಣುತ್ತದೆ. ಸೂರ್ಯ ಚೆನ್ನಾಗಿ ಮೇಲೇರಿದ್ದರೆ ಈ ಕಡೆಯಿಂದ ಆ ಕಡೆಗೆ ದಾಟಲು ಒಂದು ಸೆಕೆಂಡೂ ಬೇಡ. ಅದೂ ಎಲ್ಲ ಊರಿಗೂ ಕಾಣುವುದಿಲ್ಲ. ನೆಲದ ಮೇಲೆ ನಾಲ್ಕೈದು ಕಿಲೋಮೀಟರ್ ಅಗಲದ ಒಂದು ಪಟ್ಟೆ, ಅದರೊಳಗೆ ನಿಂತವರಿಗಷ್ಟೇ.

ನವೆಂಬರಿನಲ್ಲಿ ಆ ಪಟ್ಟೆ ನಮ್ಮ ಸ್ಟುಡಿಯೋ ಮೇಲೇ ಹೋಗುತ್ತಿತ್ತು. ಮನೆ ಬಾಗಿಲಿಗೆ ಬಂದ ಭಾಗ್ಯ ಅಂತ ತಾರಸಿ ಹತ್ತಿದೆ. ಮದುವೆ ಅಭ್ಯಾಸದಂತೆ ಕ್ಯಾಮೆರಾ ರಾ ಫೈಲಿನಲ್ಲಿತ್ತು, ಅಂದರೆ ಒಂದೊಂದು ಫೋಟೊವೂ ದೊಡ್ಡ ಫೈಲು. ಎಲ್ಲಿ ತಪ್ಪಿಹೋಗುತ್ತದೋ ಎಂಬ ಗಾಬರಿಗೆ ಹತ್ತು ಸೆಕೆಂಡ್ ಮುಂಚೆಯೇ ಬಟನ್ ಒತ್ತಿ ಹಿಡಿದೆ. ಮೂರು ಸೆಕೆಂಡ್ ಪಟಪಟ ಅಂದ ಕ್ಯಾಮೆರಾ ಆಮೇಲೆ ಉಸಿರುಗಟ್ಟಿದ ಹಾಗೆ ಒಂದೊಂದೇ ಫೋಟೊ ತೆಗೆಯತೊಡಗಿತು. ಕಾರ್ಡಿಗೆ ಇಳಿಸುವ ಮುಂಚೆ ಫೋಟೊ ಕೂಡಿಡುವ ಜಾಗ, ಬಫರ್, ತುಂಬಿತ್ತು. ನಿಲ್ದಾಣ ಹೋದದ್ದು ಎರಡು ಫೋಟೊಗಳ ನಡುವಿನ ಸಂದಿಯಲ್ಲಿ. ಸಾಲದ್ದಕ್ಕೆ, ಬಂದ ಫೋಟೊಗಳಲ್ಲೂ ಸೂರ್ಯನ ಕಲೆಗಳು ಕಾದ ಎಣ್ಣೆಯ ತಳದಲ್ಲಿ ಬಿದ್ದ ಸಾಸಿವೆಯಂತೆ ನಡುಗುತ್ತಿದ್ದವು. ಬಿಸಿಲಿಗೆ ಕಾದ ಸಿಮೆಂಟು ತಾರಸಿಯಿಂದ ಏಳುವ ಝಳ ಅದು. ಲೆನ್ಸಿಗೆ ಎಷ್ಟು ದುಡ್ಡು ಸುರಿದರೂ ಆ ಝಳವನ್ನು ತಡೆಯಲಾಗದು.

ಮುಂದಿನ ಅವಕಾಶ 2025ರ ಫೆಬ್ರವರಿಯಲ್ಲಿ. ಟ್ರಾನ್ಸಿಟ್ ಫೈಂಡರ್ ವೆಬ್‌ಸೈಟ್‌ನಲ್ಲಿ ಊರಿನ ಅಕ್ಷಾಂಶ, ರೇಖಾಂಶ ಕೊಟ್ಟರೆ ನಕ್ಷೆಯ ಮೇಲೆ ಆ ಪಟ್ಟೆಯ ನಡುಗೆರೆ ಎಳೆದು, ಸಮಯವನ್ನೂ ಸೆಕೆಂಡಿನ ಲೆಕ್ಕದಲ್ಲಿ ತೋರಿಸುತ್ತದೆ. ವಾರದ ಮುಂಚೆ ನೋಡಿ ನಂಬಿ ಕೂರಬಾರದು. ಅಷ್ಟು ಎತ್ತರದಲ್ಲೂ ತೆಳ್ಳಗೆ ಗಾಳಿ ಇದೆ. ಅದರ ಎಳೆತಕ್ಕೆ ನಿಲ್ದಾಣ ಮೆಲ್ಲಗೆ ಕೆಳಗಿಳಿಯುತ್ತದೆ, ಆಗಾಗ ರಾಕೆಟ್ ಉರಿಸಿ ಮತ್ತೆ ಮೇಲೆತ್ತುತ್ತಾರೆ. ಹಾಗಾಗಿ ಗೆರೆ ಸರಿಯುತ್ತಲೇ ಇರುತ್ತದೆ. ಐದು ದಿನ ಮುಂಚೆ ಮಂಡ್ಯ ಪೇಟೆಯೊಳಗಿದ್ದ ಗೆರೆ ಹಿಂದಿನ ರಾತ್ರಿ ನೋಡುವಾಗ ಇಂಡುವಾಳು ಕಡೆಗೆ ಸರಿದಿತ್ತು. ನನಗೆ ಖುಷಿಯೇ ಆಯಿತು. ಅಲ್ಲಿ ಸಿಮೆಂಟಿಲ್ಲ, ಗದ್ದೆ ಬಯಲು.

ಫಿಲ್ಟರಿನ ಮಾತು. 2019ರ ಡಿಸೆಂಬರ್ 26ರ ಕಂಕಣ ಗ್ರಹಣಕ್ಕೆ ಕೊಡಗಿನ ಕುಟ್ಟಕ್ಕೆ ಹೋಗಿದ್ದಾಗ ಬಳಸಿದ ಸೋಲಾರ್ ಫಿಲ್ಮ್ ಮನೆಯಲ್ಲಿತ್ತು. ಬಲ್ಬಿಗೆ ಹಿಡಿದು ನೋಡಿದರೆ ಸೂಜಿಮೊನೆಯಷ್ಟು ಎರಡು ತೂತು. ಎಸೆದು ಹೊಸ ಬಾಡರ್ ಫಿಲ್ಮ್ ತರಿಸಿದೆ. ಇದು ಬೆಳಕನ್ನು ಲಕ್ಷದಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಲಗ್ನಪತ್ರಿಕೆಯ ದಪ್ಪ ರಟ್ಟು ಸುತ್ತಿ ಲೆನ್ಸಿನ ಮೂತಿಗೆ ಬಿಗಿಯಾಗಿ ಕೂರುವ ಬಳೆ ಮಾಡಿ, ಫಿಲ್ಮ್ ಅಂಟಿಸಿ, ಗಾಳಿಗೆ ಹಾರದಂತೆ ಮೇಲೆ ಟೇಪು ಸುತ್ತಿದೆ. ಫಿಲ್ಟರ್ ಇರಬೇಕಾದ್ದು ಲೆನ್ಸಿನ ಮುಂದೆ, ಕಣ್ಣಿಡುವ ಕಡೆ ಅಲ್ಲ. ಅದಿಲ್ಲದೆ ವ್ಯೂಫೈಂಡರಿಗೆ ಕಣ್ಣಿಟ್ಟರೆ ಕಣ್ಣು ಹೋಗುತ್ತದೆ. ಫಿಲ್ಟರ್ ಇದ್ದರೂ ನಾನು ನೋಡುವುದು ಹಿಂದಿನ ಪರದೆಯಲ್ಲೇ.

ಬೆಳಿಗ್ಗೆ ಒಂಬತ್ತಕ್ಕೆಲ್ಲ ಅಕ್ಕನ ಮಗನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಗೆರೆಯ ನಟ್ಟನಡುವೆ ಜಾಗ ಹಿಡಿದು ನೋಡಿದರೆ ಎದುರಿಗೇ ಆಲೆಮನೆ! ಕಬ್ಬಿನ ಹಾಲು ಕುದಿಯುವ ಘಮ ಏನೋ ಹಿತವಾಗಿತ್ತು. ಆದರೆ ಚಿಮಣಿಯ ಹೊಗೆ ಸೂರ್ಯನ ಕೆಳಗೇ ಹರಡುತ್ತಿತ್ತು. ನಾಲೆ ಏರಿ ಮೇಲೆ ಅರ್ಧ ಕಿಲೋಮೀಟರ್ ಹಿಂದೆ ಹೋಗಿ, ನೀರು ನಿಂತ ಗದ್ದೆ ಮುಂದಿರುವ ಹಾಗೆ ಟ್ರೈಪಾಡ್ ಊರಿದೆ.

ಊರುವುದೇ ತಡ, ಗದ್ದೆಯವರು ಬಂದರು. "ಏನ್ ಸ್ವಾಮಿ, ಸರ್ವೇನಾ? ಇಲ್ಲೂ ರೋಡ್ ಹೋಯ್ತದಾ?" ಇಲ್ಲ ಯಜಮಾನ್ರೇ, ಸೂರ್ಯನ ಫೋಟೊ ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ಸುನಿತಾ ವಿಲಿಯಮ್ಸ್ ಇದಾರಲ್ಲ, ಅವರಿರೋ ನಿಲ್ದಾಣ ಈಗ ಸೂರ್ಯನ ಮುಂದೆ ಹೋಗುತ್ತೆ ಅಂದ ಮೇಲೆ ಟವೆಲ್ ಕೊಡವಿ ಏರಿ ಮೇಲೆ ಕೂತರು. ಎಂಟು ದಿನಕ್ಕೆಂದು ಹೋದವರು ಎಂಟು ತಿಂಗಳಾದರೂ ಮೇಲೇ ಇದ್ದ ಕಾಲ ಅದು.

ಲೆನ್ಸ್ 600 ಎಂಎಂ. ಆಟೋಫೋಕಸ್ ಆರಿಸಿ, ತಲೆ ಮೇಲೆ ಕಪ್ಪು ಶಾಲು ಹೊದ್ದು, ಪರದೆಯನ್ನು ಹತ್ತು ಪಟ್ಟು ಹಿಗ್ಗಿಸಿ, ಸೂರ್ಯನ ಒಂದು ದೊಡ್ಡ ಕಲೆಯ ಅಂಚು ಕೂದಲೆಳೆಯಷ್ಟು ಚೂಪಾಗುವ ತನಕ ರಿಂಗ್ ತಿರುಗಿಸಿದೆ. ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಇದರಲ್ಲೇ. ಸರಿಹೋದ ಮೇಲೆ ರಿಂಗಿಗೂ ಟೇಪು. ಐಎಸ್‌ಒ 400, ಶಟರ್ ಸೆಕೆಂಡಿನ 1/4000. ಶಟರ್ ನಿಧಾನವಾದರೆ ನಿಲ್ದಾಣ ಗೀಟಾಗಿಬಿಡುತ್ತದೆ. ರಾ ಬಿಟ್ಟು ಈ ಸಲ ಜೆಪೆಗ್, ಫೈಲು ಚಿಕ್ಕದು, ಬಫರ್ ಬೇಗ ತುಂಬುವುದಿಲ್ಲ. ಟ್ರೈಪಾಡಿನ ಮೇಲೆ ಸೂರ್ಯ ಎರಡು ನಿಮಿಷಕ್ಕೆ ತನ್ನ ಅಗಲದಷ್ಟು ಜಾರುವುದರಿಂದ ಕೊನೆಯ ನಿಮಿಷದಲ್ಲಿ ಒಮ್ಮೆ ನಡುವಿಗೆ ತಂದು ಕೈ ತೆಗೆದೆ. ಒತ್ತುವುದಕ್ಕೆ ರಿಮೋಟ್ ವೈರ್.

ಗಟ್ಟಿಮೇಳದ ಜವಾಬ್ದಾರಿ ಹುಡುಗನದು. ಮೊಬೈಲಿನಲ್ಲಿ ಜಿಪಿಎಸ್ ಗಡಿಯಾರ ಹಿಡಿದು ನಿಂತಿದ್ದ. ಹೊತ್ತು 10 ಗಂಟೆ 41 ನಿಮಿಷ 17 ಸೆಕೆಂಡ್. ಹದಿನೈದಕ್ಕೆ ಒತ್ತಿ ಹತ್ತೊಂಬತ್ತಕ್ಕೆ ಬಿಡುವುದು ಅಂತ ಮಾತು. "ಮೂರು, ಎರಡು, ಒಂದು, ಒತ್ತಿ ಮಾವ!" ನಾಲ್ಕು ಸೆಕೆಂಡ್ ಕ್ಯಾಮೆರಾ ಬಡಿದುಕೊಂಡಿತು. ಶಾಲಿನೊಳಗೆ ನನಗೇನೂ ಕಾಣಲಿಲ್ಲ. ಒತ್ತಿ ಹಿಡಿದಾಗ ಪರದೆ ಮಿಟುಕುತ್ತದೆ.

ಇಪ್ಪತ್ತೆಂಟು ಫೋಟೊ. ಒಂದೊಂದೇ ಸರಿಸಿದೆ. ಹದಿಮೂರರ ತನಕ ಬರೀ ಸೂರ್ಯ. ಹದಿನಾಲ್ಕರಲ್ಲಿ ಅಂಚಿನ ಒಳಗೆ ಒಂದು ಚುಕ್ಕಿ. ಐದು ಫೋಟೊಗಳಲ್ಲಿ ಸಿಕ್ಕಿತ್ತು. ಎರಡರಲ್ಲಿ ಹಿಗ್ಗಿಸಿದರೆ ಎರಡು ಬದಿಯ ಸೌರಫಲಕಗಳು, ನಡುವೆ ಒಡಲು ಬೇರೆಬೇರೆಯಾಗಿ ಕಾಣುತ್ತಿದ್ದವು. 109 ಮೀಟರ್ ಉದ್ದದ ನಿಲ್ದಾಣ ನನ್ನ ಕ್ಯಾಮೆರಾದಲ್ಲಿ ಮೂವತ್ತು ಪಿಕ್ಸೆಲ್. ಯಜಮಾನರು ಶಾಲಿನೊಳಗೆ ತಲೆ ತೂರಿಸಿ ನೋಡಿದರು. "ಜೇಡ ಇದ್ದಂಗದೆ. ಆಯಮ್ಮ ಇದ್ರೊಳ್ಗೇನಾ ಇರೋದು?"

ಐದನ್ನೂ ಒಂದೇ ಸೂರ್ಯನ ಮೇಲೆ ಜೋಡಿಸಿ ದೊಡ್ಡದಾಗಿ ಪ್ರಿಂಟ್ ಹಾಕಿ, ಸ್ಟುಡಿಯೋದಲ್ಲಿ ಮದುಮಕ್ಕಳ ಫೋಟೊಗಳ ನಡುವೆ ತೂಗುಹಾಕಿದ್ದೇನೆ. ಮೊನ್ನೆ ಆಲ್ಬಮ್ ಕೇಳಲು ಬಂದ ಹೆಂಗಸೊಬ್ಬರು ಅದನ್ನೇ ನೋಡುತ್ತಾ ನಿಂತರು. ಆಮೇಲೆ ಸೆರಗಿನ ತುದಿಯಿಂದ ಗಾಜು ಒರೆಸಿ, "ಇರುವೆ ಮೆತ್ಕೊಂಡವೆ, ಹೋಯ್ತಿಲ್ಲ ಕಣಣ್ಣ" ಅಂದರು.