ಇರಬಾರದ ಮೈಆರ್-16 ನನ್ನ ಟ್ಯೂಬಿಗೆ ಬಂದದ್ದು ಎಲ್ಲಿಂದ?

ರಕ್ತದ ಕ್ಯಾನ್ಸರ್ ಸ್ಯಾಂಪಲ್‌ಗಳಲ್ಲಿ ಮೈಕ್ರೋಆರ್‌ಎನ್‌ಎ ಅಳೆಯುವುದು ನನ್ನ ಕೆಲಸ. ಇವು ಬೇರೆ ಜೀನ್‌ಗಳನ್ನು ಹಿಡಿತದಲ್ಲಿ ಇಡುವ ಪುಟಾಣಿ ಆರ್‌ಎನ್‌ಎಗಳು, ಹೆಸರಿನಲ್ಲಿ ಚಿಕ್ಕದಾಗಿ ‘ಮೈಆರ್’ ಎನ್ನುತ್ತೇವೆ. ಶುರುವಿನ ದಿನಗಳಲ್ಲಿ ಒಂದು ಸಿಎಲ್‌ಎಲ್ ಸ್ಯಾಂಪಲ್ ನನ್ನನ್ನು ವಾರಗಟ್ಟಲೆ ಕಾಡಿತು.

ಸಿಎಲ್‌ಎಲ್ ಅಂದರೆ ಬಿ ಕೋಶ ಎಂಬ ಬಿಳಿ ರಕ್ತಕಣಗಳ ಒಂದು ಕ್ಯಾನ್ಸರ್ (ಲ್ಯುಕೇಮಿಯಾ). ಅರ್ಧಕ್ಕಿಂತ ಜಾಸ್ತಿ ರೋಗಿಗಳಲ್ಲಿ 13ನೇ ಕ್ರೋಮೋಸೋಮಿನ ಒಂದು ತುಂಡು ಕಳೆದುಹೋಗಿರುತ್ತದೆ. ಅಲ್ಲಿ ಯಾವ ಪ್ರೋಟೀನ್ ಜೀನ್ ಇದೆ ಎಂದು ಜನ ವರ್ಷಗಟ್ಟಲೆ ಹುಡುಕಿದರು. 2002ರಲ್ಲಿ ಜಾರ್ಜ್ ಕ್ಯಾಲಿನ್, ಕಾರ್ಲೋ ಕ್ರೋಚೆ ತಂಡ ತೋರಿಸಿದ್ದು ಬೇರೆಯೇ. ಅಲ್ಲಿದ್ದದ್ದು ಪ್ರೋಟೀನ್ ಮಾಡದ ಎರಡು ಪುಟಾಣಿ ಆರ್‌ಎನ್‌ಎಗಳು, ಮೈಆರ್-15ಎ ಮತ್ತು ಮೈಆರ್-16-1. ಇವು ಬಿಸಿಎಲ್2 ಪ್ರೋಟೀನನ್ನು ಹಿಡಿತದಲ್ಲಿ ಇಡುತ್ತವೆ. ಇವು ಹೋದರೆ ಬಿಸಿಎಲ್2 ಏರುತ್ತದೆ, ಸಾಯಬೇಕಾದ ಕೋಶ ಸಾಯುವುದೇ ಇಲ್ಲ. ಎಷ್ಟು ಓದಿದರೂ ನನಗೆ ಇದು ಇವತ್ತಿಗೂ ಅದ್ಭುತ ಅನ್ನಿಸುತ್ತದೆ.

ನನ್ನ ಸ್ಯಾಂಪಲ್‌ನಲ್ಲಿ ಆ ತುಂಡಿನ ಎರಡೂ ಪ್ರತಿಗಳು ಹೋಗಿವೆ ಎಂದು ಫಿಶ್ (ಹೊಳೆಯುವ ಬಣ್ಣ ಅಂಟಿಸಿ ಕ್ರೋಮೋಸೋಮಿನ ತುಂಡು ಇದೆಯೇ ಎಂದು ನೋಡುವ ಪರೀಕ್ಷೆ) ವರದಿ ಹೇಳುತ್ತಿತ್ತು. ಆದರೆ ಒಂದೊಂದು ಸೈಕಲ್‌ಗೂ ಪ್ರತಿಗಳನ್ನು ಹೆಚ್ಚಿಸಿ ಅಳೆಯುವ ಪಿಸಿಆರ್‌ನಲ್ಲಿ ಮೈಆರ್-16 ಧಾರಾಳವಾಗಿ ಕಾಣಿಸುತ್ತಿತ್ತು. ಪ್ರೈಮರ್ (ಪ್ರತಿ ಮಾಡುವುದನ್ನು ಶುರುಮಾಡುವ ಪುಟ್ಟ ಡಿಎನ್‌ಎ ತುಂಡು) ಬದಲಿಸಿದೆ, ಹೊಸದಾಗಿ ಆರ್‌ಎನ್‌ಎ ತೆಗೆದೆ, ಮತ್ತೆ ಅದೇ ಕಥೆ.

ಕೊನೆಗೆ ಟ್ಯೂಬಿನ ತಳದ ಕೋಶಗಳನ್ನು ಸರಿಯಾಗಿ ನೋಡಿದೆ: ತೆಳುವಾಗಿ ಕೆಂಪು! ಕೆಂಪು ರಕ್ತಕಣಕ್ಕೆ ನ್ಯೂಕ್ಲಿಯಸ್ ಇಲ್ಲ, ಹಾಗಾಗಿ ಅದರಲ್ಲಿ ಆರ್‌ಎನ್‌ಎ ಏನಿರುತ್ತದೆ ಎಂದು ನಾನು ಸುಮ್ನೆ ಬಿಟ್ಟುಬಿಟ್ಟಿದ್ದೆ. ಆದರೆ ಅದರಲ್ಲಿ ಮೈಆರ್-451 ಮತ್ತು ಇದೇ ಮೈಆರ್-16 ತುಂಬಿರುತ್ತವೆ. ಜೊತೆಗೆ ರೋಗಿಯ ಆರೋಗ್ಯವಂತ ಟಿ ಕೋಶಗಳೂ ಸೇರಿಕೊಂಡಿದ್ದವು, ಅವುಗಳಲ್ಲಿ ಆ ತುಂಡು ಹಾಗೇ ಇರುತ್ತದಲ್ವಾ?

ಆಮೇಲೆ ಕ್ರಮ ಬದಲಿಸಿದೆ. ಮೊದಲು ಕೆಂಪು ಕಣಗಳನ್ನು ಲೈಸಿಸ್ ಬಫರ್‌ನಲ್ಲಿ ಒಡೆದು ಚೆನ್ನಾಗಿ ತೊಳೆಯುತ್ತೇನೆ, ನಂತರ ಬಿ ಕೋಶಗಳ ಮೇಲಿರುವ ಸಿಡಿ19 ಪ್ರೋಟೀನಿಗೆ ಅಂಟುವ ಮಣಿಗಳಿಂದ ಬಿ ಕೋಶಗಳನ್ನು ಮಾತ್ರ ಹಿಡಿಯುತ್ತೇನೆ, ಪ್ರತಿ ಸ್ಯಾಂಪಲ್‌ಗೂ ಮೈಆರ್-451 ಅಳೆಯುತ್ತೇನೆ. ಅದು ಜಾಸ್ತಿ ಬಂದರೆ ಆ ಸ್ಯಾಂಪಲ್‌ನ ಮೈಆರ್-16 ಲೆಕ್ಕವನ್ನು ನಂಬುವುದಿಲ್ಲ, ಎಷ್ಟೇ ಅಪರೂಪದ ಸ್ಯಾಂಪಲ್ ಆಗಿದ್ದರೂ.

ಇಷ್ಟೆಲ್ಲ ಮಾಡಿದರೂ ಮೈಆರ್-16 ಸೊನ್ನೆಗೆ ಇಳಿಯಲಿಲ್ಲ. ಈ ಸಲ ಗಾಬರಿ ಆಗಲಿಲ್ಲ. 3ನೇ ಕ್ರೋಮೋಸೋಮಿನಲ್ಲಿ ಮೈಆರ್-16-2 ಎಂಬ ಇನ್ನೊಂದು ಜೀನ್ ಇದೆ, ಮೈಆರ್-16-1 ಮತ್ತು ಇದು, ಎರಡರಿಂದಲೂ ಹೊರಬರುವ ಪಕ್ವ ಆರ್‌ಎನ್‌ಎ ಒಂದೇ, ಪಿಸಿಆರ್‌ಗೆ ಅವುಗಳ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದಕ್ಕೇ 13ನೇ ಕ್ರೋಮೋಸೋಮಿನಿಂದ ಮಾತ್ರ ಬರುವ ಮೈಆರ್-15ಎಯನ್ನೂ ಜೊತೆಗೆ ಹಾಕಿದೆ. ಅದರ ಗೆರೆ ತುಂಬಾ ತಡವಾಗಿ, ಕೊನೆಯ ಸೈಕಲ್‌ಗಳಲ್ಲಿ ಮೇಲೆದ್ದಿತು, ಅಂದರೆ ಅದು ಹೆಚ್ಚುಕಡಿಮೆ ಇರಲೇ ಇಲ್ಲ. ಫಿಶ್ ವರದಿ ಹೇಳಿದ್ದು ಸರಿಯಾಗಿಯೇ ಇತ್ತು.