ಪ್ರೊಜೆಕ್ಟರ್‌ನ ಬೀಗ ಮೊದಲು ತೆಗೆಯಿರಿ

ಇಂಡಿ ತಾಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಪಾಠ ಮಾಡುತ್ತಿದ್ದಾಗ ಪ್ರೊಜೆಕ್ಟರ್ ಬಂದು ಒಂದು ವರ್ಷ ಬೀರುವಿನಲ್ಲೇ ಇತ್ತು. ಕೆಟ್ಟರೆ ಯಾರು ಹೊಣೆ ಅನ್ನೋ ಭಯ, ಅಷ್ಟೇ. ಹಾಗಾಗಿ ಹೆಡ್‌ಮಾಸ್ಟರ್‌ಗಳಿಗೆ ನನ್ನ ಮೊದಲ ಮಾತು: ಎಸ್‌ಡಿಎಂಸಿ (ಪೋಷಕರೇ ಹೆಚ್ಚಿರುವ ಶಾಲಾ ಸಮಿತಿ) ಸಭೆ ಕರೆಯಿರಿ, ಪಾಠ ಮಾಡುವಾಗ ಉಪಕರಣ ಕೆಟ್ಟರೆ ಶಿಕ್ಷಕರು ದುಡ್ಡು ಕಟ್ಟಬೇಕಿಲ್ಲ ಅಂತ ತೀರ್ಮಾನ ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಸಿ, ಎಲ್ಲರ ಸಹಿ ಹಾಕಿಸಿ. ಆಮೇಲೆ ಬೀಗದ ಕೈ ಶಿಕ್ಷಕರಿಗೆ ಕೊಡಿ. ಇದು ಹೆಡ್‌ಮಾಸ್ಟರ್ ಮಾತ್ರ ಮಾಡಬಹುದಾದ ಕೆಲಸ, ಬೇರೆ ಯಾರಿಂದಲೂ ಆಗಲ್ಲ.

ವೇಳಾಪಟ್ಟಿಯಲ್ಲಿ ಪ್ರತಿ ತರಗತಿಗೆ ವಾರಕ್ಕೆ ಒಂದು ಪೀರಿಯಡ್ ಇಡಿ. ಜಾಸ್ತಿ ಬೇಡ.

ವಿಡಿಯೋ ಎಲ್ಲಿಂದ ತರೋದು ಅಂತ ಚಿಂತೆ ಮಾಡಬೇಡಿ. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡನ್ನು ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದಲ್ಲಿ ಸ್ಕ್ಯಾನ್ ಮಾಡಿ, ಹಿಂದಿನ ರಾತ್ರಿ ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಶಾಲೆಯಲ್ಲಿ ನೆಟ್‌ವರ್ಕ್ ನಂಬಿ ಕೂತರೆ ಪೀರಿಯಡ್ ಪೂರ್ತಿ ಚಕ್ರ ತಿರುಗೋದನ್ನೇ ನೋಡಬೇಕಾಗುತ್ತೆ. ಐದು ನಿಮಿಷದ ವಿಡಿಯೋ ಸಾಕು, ಆದರೆ ನಡುವೆ ನಿಲ್ಲಿಸಿ. "ಮುಂದ ಏನಾಗ್ತದ ಹೇಳ್ರಿ?" ಅಂತ ಕೇಳಿ, ಮಕ್ಕಳು ತಮ್ಮ ಊಹೆಯನ್ನು ನೋಟ್‌ಬುಕ್‌ನಲ್ಲಿ ಬರೆದ ಮೇಲೇ ಮುಂದೆ ಓಡಿಸಿ. ಸುಮ್ನೆ ಹಾಕಿ ಬಿಟ್ಟರೆ ಅದು ಟಿವಿ ಆಗುತ್ತೆ, ಪಾಠ ಆಗಲ್ಲ.

ಪರದೆ ಮೇಲೆ ನೋಡಿದ್ದು ಕೈಗೂ ಬರಬೇಕು ಅಲ್ವಾ. ನಾವು ಒಮ್ಮೆ ಗೂಗಲ್ ಅರ್ಥ್‌ನಲ್ಲಿ ಗೋಳಗುಮ್ಮಟವನ್ನು ಮೇಲಿಂದ ತೋರಿಸಿದೆವು. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ಮಕ್ಕಳು 22 ಮೀಟರ್ ಹಗ್ಗ ತಂದು ಮೈದಾನಕ್ಕೆ ಹೋದರು. ಒಬ್ಬಳು ನಡುವೆ ಹಗ್ಗ ಹಿಡಿದು ನಿಂತಳು, ಇನ್ನೊಬ್ಬ ಸುಣ್ಣದ ಪುಡಿ ಉದುರಿಸುತ್ತಾ ಸುತ್ತು ಹೊರಟ. ಅರ್ಧ ಸುತ್ತಿಗೆ ಕಾಂಪೌಂಡ್ ಗೋಡೆ ಅಡ್ಡ ಬಂತು. ಆಗ, ವರ್ಷವಿಡೀ ಬಾಯಿ ಬಿಡದ ಹುಡುಗಿ ಹಗ್ಗ ಕೈಯಲ್ಲಿ ಹಿಡಿದೇ ಕೇಳಿದಳು, "ಸರ, ಇಷ್ಟು ದೊಡ್ಡದಕ್ಕ ನಡುವ ಕಂಬ ಇಲ್ಲಂದ್ರ ಬೀಳೂದಿಲ್ಲೇನ್ರಿ?" ಒಂದನ್ನೊಂದು ದಾಟುವ ಕಮಾನುಗಳು ಆ ಭಾರವನ್ನು ಗೋಡೆಗೆ ಇಳಿಸುತ್ತವೆ ಅಂತ ಹೇಳೋಕೆ ನಾನು ಮತ್ತೆ ಪರದೆಗೇ ಹೋದೆ. ಈ ಸಲ ಇಡೀ ತರಗತಿ ನನಗಿಂತ ಮೊದಲೇ ಓಡಿತ್ತು.

ಪ್ರೊಜೆಕ್ಟರ್ ಇಲ್ಲದ ಶಾಲೆಯವರು ಮೊಬೈಲಿನ ವಾಯ್ಸ್ ರೆಕಾರ್ಡರ್ ಬಳಸಿ. ನನ್ನ ಅನುಭವದಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ. ಮಗು ಅರ್ಧ ಪುಟ ಓದಲಿ, ತನ್ನ ದನಿ ತಾನೇ ಕೇಳಲಿ, ಎಲ್ಲಿ ತಡವರಿಸಿತು ಅಂತ ತಾನೇ ಹೇಳಲಿ. ತಿಂಗಳ ನಂತರ ಅದೇ ಪುಟ ಮತ್ತೆ ಓದಿಸಿ ಎರಡನ್ನೂ ಕೇಳಿಸಿ. ಆ ಮುಖ ನೋಡಬೇಕು ನೀವು.

ದೀಪಾವಳಿ ಹೊತ್ತಿಗೆ ತಾಂಡಾಗಳಿಂದ ಎಷ್ಟೋ ಮನೆಯವರು ಕಬ್ಬು ಕಡಿಯೋಕೆ ಗ್ಯಾಂಗ್ ಕಟ್ಟಿಕೊಂಡು ಹೋಗುತ್ತಾರೆ. ಮಕ್ಕಳೂ ಜೊತೆಗೆ ಹೋಗಿಬಿಡುತ್ತಾರೆ. ಮಗುವನ್ನು ಅಜ್ಜಿ ಹತ್ತಿರ ಬಿಟ್ಟು ಹೋಗಿ ಅಂತ ಮೊದಲೇ ಮಾತಾಡಿ, ವಲಸೆ ಹೋಗುವವರ ಮಕ್ಕಳಿಗೆ ಆ ತಿಂಗಳುಗಳಲ್ಲಿ ನಡೆಸುವ ಸೀಸನಲ್ ಹಾಸ್ಟೆಲ್ ಇದೆಯಾ ಅಂತ ಸಿಆರ್‌ಪಿಯನ್ನು (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿಯನ್ನು) ಕೇಳಿ. ಆದರೂ ಹೋದರೆ ಅಪ್ಪನ ನಂಬರ್ ಇಟ್ಟುಕೊಳ್ಳಿ. ವಾರಕ್ಕೊಮ್ಮೆ ಗೆಳೆಯರ ದನಿಯಲ್ಲಿ ವಾಟ್ಸಾಪ್ ಮೆಸೇಜ್ ಕಳಿಸಿ: ಈ ವಾರ ಏನು ಕಲಿತೆವು, ಯಾವ ಆಟದಲ್ಲಿ ನೀನಿಲ್ಲದೆ ಸೋತೆವು ಅಂತ. ಅಕ್ಷರದ ಮೆಸೇಜ್ ಬೇಡ, ಓದಲು ಬಾರದ ಮನೆಗಳೂ ಇವೆ. ಮಕ್ಕಳ ಫೋಟೋ ಮಾತ್ರ ಸ್ಟೇಟಸ್‌ಗೆ ಹಾಕಬೇಡಿ, ದಯವಿಟ್ಟು.

ಹೆಡ್‌ಮಾಸ್ಟರ್ ವಾರಕ್ಕೊಂದು ಪೀರಿಯಡ್ ಕೊನೆಯ ಬೆಂಚಿನಲ್ಲಿ ಕೂರಬೇಕು. ತಪ್ಪು ಹುಡುಕೋಕಲ್ಲ. ಎಷ್ಟು ಮಕ್ಕಳು ಪ್ರಶ್ನೆ ಕೇಳಿದರು, ಯಾರು ಒಂದು ಮಾತೂ ಆಡಲಿಲ್ಲ ಅಂತ ಬರೆದುಕೊಂಡು, ಶನಿವಾರ ಶಾಲೆ ಬಿಟ್ಟ ಮೇಲೆ ಆ ಶಿಕ್ಷಕರ ಜೊತೆ ಹತ್ತು ನಿಮಿಷ ಕೂತು ಮಾತಾಡಲಿ. ಮುಂದಿನ ವಾರದ ಮೊದಲ ಪ್ರಶ್ನೆ ಆ ಮಾತಾಡದ ಮಗುವಿಗೇ ಹೋಗಲಿ, ಅದೂ ಸುಲಭದ ಪ್ರಶ್ನೆ.

ಕರೆಂಟ್ ಕೈಕೊಡೋದು ಇದ್ದೇ ಇದೆ. ಸ್ಪೀಕರ್, ಲ್ಯಾಪ್‌ಟಾಪ್ ಚಾರ್ಜ್‌ಗೆ ಹಾಕುವ ಕೆಲಸವನ್ನು ಏಳನೇ ತರಗತಿಯ ಇಬ್ಬರಿಗೆ ವಹಿಸಿ, ತಿಂಗಳಿಗೊಮ್ಮೆ ಜೋಡಿ ಬದಲಿಸಿ.